ಮರುವಾಯಿ ಸಿಗುತ್ತಿದ್ದ ಖಾಡಿ

ಬಾಗಿಯ ಹಿಮ್ಮಡಿಗೆ ಕಣ್ಣುಂಟು ಎಂದು ಅವಳ ಊರಿನಲ್ಲಿ ಹೇಳುತ್ತಿದ್ದರು. ಮೂಲ್ಕಿಯ ಹತ್ತಿರ, ಶಾಂಭವಿ ಹೊಳೆಯ ದಂಡೆಯ ಹುಡುಗಿ ಅವಳು. ಇಳಿತದ ಹೊತ್ತಿಗೆ ಹೊಳೆಗೆ ಇಳಿದ ಉಳಿದ ಹೆಂಗಸರು ಬಗ್ಗಿ ಬಗ್ಗಿ ಕೈಯಿಂದ ಕೆಸರು ಕೆದಕುತ್ತಿದ್ದರೆ, ಇವಳು ನೆಟ್ಟಗೆ ನಿಂತು, ಆಕಾಶ ನೋಡಿಕೊಂಡು, ಹಿಮ್ಮಡಿಯನ್ನು ಮೆಲ್ಲಗೆ ತಿರುವುತ್ತಿದ್ದಳು. ಕೆಸರಿನ ಒಳಗೆ ಗುಂಡಗೆ, ನುಣ್ಣಗೆ ಏನಾದರೂ ತಾಗಿದ್ದೇ ಕಾಲ್ಬೆರಳಲ್ಲಿ ಹಿಡಿದು ಮೇಲೆ ತರುತ್ತಿದ್ದಳು. ಅದೇ ಮರುವಾಯಿ, ಹೊಳೆಯ ಚಿಪ್ಪು. ತೆಂಗಿನತುರಿ ಹಾಕಿ ಸುಕ್ಕ ಮಾಡಿದರೆ ಆ ದಿನ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ತಿನ್ನುತ್ತಿದ್ದರು ಅಷ್ಟೆ.

ಆ ಹಿಮ್ಮಡಿಗೆ ಈಗ ಐವತ್ತನಾಲ್ಕು ವರ್ಷ. ಒಡೆದಿದೆ, ಚಳಿಗಾಲದಲ್ಲಿ ನೋಯುತ್ತದೆ. ಮರಾಠಿ ನಾಡಿನ ಠಾಕುರ್ಲಿ ಪಶ್ಚಿಮದ ಒಂದು ಚಾಳಿನ ಕೆಳಗಿನ ಮನೆಯಲ್ಲಿ ಬಾಗಿ ಇದ್ದಾಳೆ. ಗಂಡ ದೇಜಪ್ಪ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಭಟ್ಟಿಯ, ಎಂದರೆ ಅಡುಗೆ ಒಲೆಗಳ, ಮುಖ್ಯಸ್ಥ. ಮಗಳು ತೃಷಾ ಕೋಪರಖೈರಣೆಯಲ್ಲಿ ಒಬ್ಬ ಕಂಟ್ರಾಕ್ಟರರ ಆಫೀಸಿಗೆ ಹೋಗಿ ಕಟ್ಟಡಗಳ ನಕ್ಷೆ ಎಳೆಯುತ್ತಾಳೆ. ಚಾಳಿನವರು ಬಾಗಿಗೆ ಇಟ್ಟ ಹೆಸರು ‘ಜಾಳಿಯಕ್ಕ’. ಗಟಾರದ ಬಾಯಿಗೆ ಹಾಕಿದ ಕಬ್ಬಿಣದ ಜಾಳಿಯ ಎದುರು ಮಣೆ ಹಾಕಿ ಕೂತು, ಹಳೆಯ ಕೊಡೆಯ ಕಡ್ಡಿ ಬಗ್ಗಿಸಿ ಮಾಡಿದ ಕೊಕ್ಕೆಯಿಂದ ಗುಟ್ಕಾ ಚೀಟು, ಹಾಲಿನ ಪಾಕೀಟಿನ ತುಂಡು, ಎಲೆ, ಕೂದಲು ಎಲ್ಲ ಎಳೆದು ತೆಗೆಯುವ ಹೆಂಗಸಿಗೆ ಬೇರೆ ಯಾವ ಹೆಸರು ಇಡುತ್ತಾರೆ? ಯಾರೂ ಸಂಬಳ ಕೊಡುವುದಿಲ್ಲ, ಯಾರೂ ಹೇಳಿಯೂ ಇಲ್ಲ. ‘ತಲೆ ಕೆಟ್ಟಿದೆ’ ಎಂದು ಎದುರು ಮನೆಯ ಜಯಲತಾ ಮೊದಮೊದಲು ಬಹಿರಂಗವಾಗಿಯೇ ಹೇಳುತ್ತಿದ್ದಳು. ಇರಬಹುದು. ಆದರೆ ತಲೆ ಯಾಕೆ ಕೆಟ್ಟಿತು ಎಂದು ಕೇಳುವ ವ್ಯವಧಾನ ಅವಳಿಗೆ ಇರಲಿಲ್ಲ.

ಬಾಗಿ ಈ ಊರಿಗೆ ಬಂದದ್ದು ತೊಂಬತ್ತೊಂದರಲ್ಲಿ, ಮದುವೆಯಾದ ಹದಿನೈದನೇ ದಿನ. ಒಂದು ಕೋಣೆ, ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ಗೋಡೆಯ ಆಚೆ ರೈಲು. ದೇಜಪ್ಪ ಬೆಳಗ್ಗೆ ನಾಲ್ಕಕ್ಕೆ ಎದ್ದು ಹೋದರೆ ಬರುವುದು ರಾತ್ರಿಗೆ. ಸೋಮವಾರ ಮಾತ್ರ ಅರ್ಧ ದಿನ ರಜೆ. ಮಾತಾಡೋಣವೆಂದರೆ ಚಾಳಿನಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಇವಳ ಬಾಯಲ್ಲಿ ತುಳು. ಮೂರು ತಿಂಗಳು ಅವಳು ಯಾರ ಹತ್ತಿರವೂ ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ.

ಒಂದು ಬೆಳಗ್ಗೆ ಬಾಗಿಲಲ್ಲಿ ಒಬ್ಬಳು ಬುಟ್ಟಿ ಇಳಿಸಿದಳು. ಮೊಣಕಾಲಿಗೆ ಬಿಗಿದ ಸೀರೆ, ಹಣೆಯ ತುಂಬ ಕುಂಕುಮ, ದೊಡ್ಡ ಬಾಯಿ. ಬುಟ್ಟಿಯ ಮೇಲಿನ ಒದ್ದೆ ಗೋಣಿ ಸರಿಸಿದಾಗ ಕೆಳಗೆ ಮರುವಾಯಿ! ಬಾಗಿ ಒಂದನ್ನು ಎತ್ತಿ ಮೂಗಿಗೆ ಹಿಡಿದಳು. ಅಲ್ಲಿಯೇ ಹೊಸಿಲ ಮೇಲೆ ಕೂತು ಅತ್ತುಬಿಟ್ಟಳು. ಬುಟ್ಟಿಯವಳಿಗೆ ಗಾಬರಿ. ‘ಖುಬೆ ತಾಜಾ ಇವೆ, ಬೆಳಿಗ್ಗೆ ತೆಗೆದದ್ದು’ ಎಂದು ಮರಾಠಿಯಲ್ಲಿ ಆಣೆ ಹಾಕತೊಡಗಿದಳು. ಮರುವಾಯಿಗೆ ಆ ಕಡೆಯವರು ಹೇಳುವುದು ಖುಬೆ ಎಂದು. ಬಾಗಿ ಕಣ್ಣೊರೆಸಿಕೊಂಡು ಕೈಸನ್ನೆಯಲ್ಲಿ ಕೇಳಿದಳು: ಎಲ್ಲಿಂದ? ಹೆಂಗಸು ಗಟಾರ ಹರಿದು ಹೋಗುವ ದಿಕ್ಕಿಗೆ ಕೈ ತೋರಿಸಿದಳು.

ಅವಳೇ ಬಾರ್ಕುಬಾಯಿ. ಖಾಡಿಯ, ಎಂದರೆ ಸಮುದ್ರದ ನೀರು ಏರಿ ಇಳಿಯುವ ಹೊಳೆಯ, ದಂಡೆಯ ಹಳೆಯ ಹಳ್ಳಿಯವಳು, ಅಲ್ಲಿಯ ಆಗ್ರಿ ಜಾತಿಯ ಹೆಂಗಸು, ಬಾಗಿಗಿಂತ ಹದಿನೈದು ವರ್ಷ ದೊಡ್ಡವಳು. ಮುಂದಿನ ಅಮಾವಾಸ್ಯೆಯ ಬೆಳಗ್ಗೆ ಅವಳೇ ಬಂದು ಬಾಗಿಯನ್ನು ಕರೆದುಕೊಂಡು ಹೋದಳು. ಚಾಳಿನಿಂದ ಗಟಾರದ ಬದಿ ಹಿಡಿದು ಕಾಲು ಗಂಟೆ ನಡೆದರೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲದ ಪೊದೆ, ಅದರಾಚೆ ಖಾಡಿ. ಇಳಿತಕ್ಕೆ ನೀರು ಹಿಂದೆ ಸರಿದು ಕೆಸರು ಹೊಳೆಯುತ್ತಿತ್ತು. ಬಾಗಿ ಚಪ್ಪಲಿ ಬಿಟ್ಟು ಇಳಿದು ನೆಟ್ಟಗೆ ನಿಂತಳು, ಆಕಾಶ ನೋಡಿದಳು, ಹಿಮ್ಮಡಿ ತಿರುವಿದಳು. ಮೊದಲ ಚಿಪ್ಪು ಮೇಲೆ ಬಂದಾಗ ಬಾರ್ಕುಬಾಯಿ ಬಾಯಿ ಬಿಟ್ಟುಕೊಂಡು ನೋಡಿದಳು. ‘ಅಗೋ ಬಾಯೀ, ನಿನ್ನ ಕಾಲಿಗೆ ಕಣ್ಣುಂಟಲ್ಲ!’ ಎಂದಳಂತೆ. ಊರಿನ ಮಾತೇ ಪರಭಾಷೆಯಲ್ಲಿ ಬಂದದ್ದು ನೋಡಿ, ಈ ಊರಿನಲ್ಲಿ ಬದುಕಬಹುದು ಎಂದು ಬಾಗಿಗೆ ಅನ್ನಿಸಿದ್ದು ಅವತ್ತೇ.

ಆಮೇಲೆ ಹದಿನೆಂಟು ವರ್ಷ, ಹುಣ್ಣಿಮೆ ಅಮಾವಾಸ್ಯೆಯ ಬೆಳಗಿನ ಇಳಿತವನ್ನು ಅವಳು ಬಿಡಲಿಲ್ಲ. ತೃಷಾ ಹೊಟ್ಟೆಯಲ್ಲಿದ್ದ ಏಳನೇ ತಿಂಗಳವರೆಗೂ ಇಳಿದವಳು. ಸೋಮವಾರ ಮಧ್ಯಾಹ್ನ ಮರುವಾಯಿ ಸುಕ್ಕ. ದೇಜಪ್ಪ ಮಾತು ಕಡಿಮೆಯ ಮನುಷ್ಯ. ಹೊಗಳುವುದಂತೂ ಅವನ ಜಾತಕದಲ್ಲೇ ಇಲ್ಲ. ಆದರೆ ಅವನಿಗೊಂದು ಅಭ್ಯಾಸವಿತ್ತು. ಮಾಂಸ ತಿಂದ ಮೇಲೆ ಖಾಲಿ ಚಿಪ್ಪುಗಳನ್ನು ತಟ್ಟೆಯ ಅಂಚಿಗೆ ಒಂದರ ಪಕ್ಕ ಒಂದು ನಿಲ್ಲಿಸುತ್ತ ಬರುತ್ತಿದ್ದ. ಅಂಚು ಪೂರ್ತಿ ಸುತ್ತಿ ಬಂದರೆ ಅಡುಗೆ ಚೆನ್ನಾಗಿದೆ ಎಂದು ಅರ್ಥ. ಬಾಗಿ ಆ ಚಿಪ್ಪುಗಳ ಸಾಲನ್ನು ಓರೆಗಣ್ಣಿನಲ್ಲಿ ನೋಡುತ್ತ ಬಡಿಸುತ್ತಿದ್ದಳು. ಬೇರೆ ಹೆಂಗಸರಿಗೆ ಚಿನ್ನದ ಸರ ತಂದುಕೊಟ್ಟ ಗಂಡಂದಿರು ಇದ್ದರು. ಇವಳಿಗೆ ಆ ಸಾಲೇ ಸಾಕಾಗಿತ್ತು.

ಮೊದಲು ವಾಸನೆ ಬದಲಾಯಿತು. ಎಷ್ಟು ತೊಳೆದರೂ ಮರುವಾಯಿಯಲ್ಲಿ ಎಣ್ಣೆಯ ಕಮಟು. ಆಮೇಲೆ ಅವು ಸಣ್ಣವಾದವು, ವಿರಳವಾದವು. ಎರಡು ಸಾವಿರದ ಒಂಬತ್ತರ ಒಂದು ಸೋಮವಾರ ಬಾಗಿ ಪಾತ್ರೆ ಒಲೆಯ ಮೇಲಿಟ್ಟು ಮುಚ್ಚಿದಳು. ಜೀವ ಇದ್ದ ಮರುವಾಯಿ ಬೆಂದಾಗ ಬಾಯಿ ಬಿಡುತ್ತದೆ, ಮುಚ್ಚಿಕೊಂಡೇ ಉಳಿದದ್ದು ಮೊದಲೇ ಸತ್ತದ್ದು. ಇದು ಹೊಳೆಯ ದಂಡೆಯ ಮಕ್ಕಳಿಗೂ ಗೊತ್ತು. ಅವತ್ತು ಮುಚ್ಚಳ ತೆಗೆದರೆ ಪಾತ್ರೆಯಲ್ಲಿ ಒಂದೂ ಬಾಯಿ ಬಿಟ್ಟಿರಲಿಲ್ಲ. ಅವಳು ಇನ್ನಷ್ಟು ಬೇಯಿಸಿದಳು. ಬಿಡಲಿಲ್ಲ. ದೇಜಪ್ಪ ಆ ದಿನ ಮೊಟ್ಟೆ ತಿಂದು ಎದ್ದ. ಅಲ್ಲಿಗೆ ಅವಳು ಖಾಡಿಗೆ ಇಳಿಯುವುದು ನಿಂತಿತು.

ಯಾರನ್ನು ಕೇಳಿದರೂ ‘ಕಾರ್ಖಾನೆಯವರು’ ಎಂದರು. ಬಾರ್ಕುಬಾಯಿಯೂ ಅದನ್ನೇ ಹೇಳಿ ಬೈದಳು. ಬೈಯುವುದಕ್ಕೆ ದೂರದ ಒಬ್ಬರು ಸಿಕ್ಕರೆ ಮನಸ್ಸಿಗೆ ಎಷ್ಟು ಸಮಾಧಾನ! ಭಾನುವಾರ ಸಂಜೆ ಇಬ್ಬರೂ ದಂಡೆಯ ಕಲ್ಲಿನ ಮೇಲೆ ಕೂರುತ್ತಿದ್ದರು. ಒಬ್ಬಳಿಗೆ ವ್ಯಾಪಾರ ಹೋಗಿತ್ತು. ಇನ್ನೊಬ್ಬಳಿಗೆ ಹೋದದ್ದು ಏನೆಂದು ಹೇಳಲು ಬರುತ್ತಿರಲಿಲ್ಲ. ಇಳಿತದ ಹೊತ್ತಿಗೆ ಅವಳ ಹಿಮ್ಮಡಿ ಚಪ್ಪಲಿಯೊಳಗೆ ತಾನಾಗಿ ತಿರುಗುತ್ತಿತ್ತು. ನಿದ್ದೆಯಲ್ಲೂ ತಿರುಗುತ್ತದೆ ಎಂದು ತೃಷಾ ನಗುತ್ತಾಳೆ. ಒಮ್ಮೆ, ಒಂದೇ ಒಂದು ಸಲ, ಆ ಕೆಸರಿನಲ್ಲಿ ನಿಂತು ಗುಂಡಗಿನದೊಂದು ಕಾಲಿಗೆ ತಾಗಬೇಕು, ಸೋಮವಾರದ ತಟ್ಟೆಯ ಅಂಚಿಗೆ ಆ ಸಾಲು ಬರಬೇಕು. ಬಾಗಿಯ ಆಸೆ ಇಷ್ಟೇ, ಆದರೆ ಅದು ಹದಿನಾಲ್ಕು ವರ್ಷ ಅವಳ ಜತೆಗೇ ಎದ್ದು ಜತೆಗೇ ಮಲಗಿತು.

ಇನ್ನು ದೇಜಪ್ಪನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಅವನನ್ನು ಬೈದುಬಿಡುತ್ತೀರಿ. ಹದಿನಾಲ್ಕನೇ ವಯಸ್ಸಿಗೆ ಮಾವನ ಜತೆ ಬಂದು ಅದೇ ಹೋಟೆಲಿನ ಮೋರಿಗೆ ಸೇರಿದವನು. ಮೊದಲ ವಾರ ಒಂದು ಪ್ಲೇಟಿನ ಹಿಂಬದಿಯಲ್ಲಿ ಸಾಂಬಾರಿನ ಕಲೆ ಉಳಿದಿತ್ತೆಂದು ಆಗಿನ ಧಣಿ ಗಿರಾಕಿಗಳ ಎದುರಿಗೇ ಅವನ ಕೆನ್ನೆಗೆ ಹೊಡೆದರು. ಅವತ್ತಿನಿಂದ ಅವನು ತೊಳೆದ ಪಾತ್ರೆಯನ್ನು ಬೆಳಕಿಗೆ ಹಿಡಿದು, ಎರಡೂ ಬದಿ ತಿರುಗಿಸಿ ನೋಡದೆ ಇಟ್ಟದ್ದಿಲ್ಲ. ಮೋರಿಯಿಂದ ಚಹಾಕ್ಕೆ, ಚಹಾದಿಂದ ಬಾಣಲೆಗೆ, ಬಾಣಲೆಯಿಂದ ಭಟ್ಟಿಯ ಮುಖ್ಯಸ್ಥನ ಜಾಗಕ್ಕೆ ಬಂದ. ಆದರೂ ನೆಲದಲ್ಲಿ ಒಂದು ಹನಿ ಬಿದ್ದರೆ ತಾನೇ ಬಗ್ಗಿ ಒರೆಸುತ್ತಾನೆ. ಚೊಕ್ಕ ಎನ್ನುವುದು ಅವನ ಪಾಲಿಗೆ ಮಾನ.

ಆ ಮಾನದ ದೊಡ್ಡ ಹಬ್ಬ ಆಯುಧ ಪೂಜೆಯ ತೊಳೆತ. ನಮ್ಮವರ ಹೋಟೆಲುಗಳಲ್ಲಿ ಪೂಜೆಯ ಹಿಂದಿನ ಮಧ್ಯಾಹ್ನ ಶಟರು ಅರ್ಧ ಎಳೆದು ಇಡೀ ಅಡುಗೆಮನೆಯನ್ನು ಹೊರಗೆ ತರುತ್ತಾರೆ. ಗ್ರೈಂಡರು, ದೋಸೆ ಕಾವಲಿ, ಬಾಣಲೆ, ಚಿಮಣಿಯ ತಗಡು ಎಲ್ಲವೂ ರಸ್ತೆಯ ಅಂಚಿಗೆ. ವರ್ಷದ ಜಿಡ್ಡಿಗೆಲ್ಲ ಕಾಸ್ಟಿಕ್ ಸೋಡಾ ಸುರಿದು, ಬ್ರಶ್ಶಿನಿಂದ ತಿಕ್ಕಿ, ಪೈಪಿನಿಂದ ನೀರು ಹೊಡೆದು, ಹಿಡಿಸೂಡಿಯಿಂದ ದೂಡಿ ಎದುರಿನ ಜಾಳಿಯೊಳಗೆ ಕಳಿಸುತ್ತಾರೆ. ಕರಿದ ಎಣ್ಣೆಯ ಗಸಿಯೂ ಅದರ ಜತೆಗೆ. ದೇವಿ ಬರುವ ಜಾಗ ಚೊಕ್ಕ ಇರಬೇಡವೇ?

ಎರಡು ವರ್ಷದ ಹಿಂದಿನ ತೊಳೆತದ ದಿನ ಬಾಗಿ ದೇಜಪ್ಪನ ಬಿ.ಪಿ. ಮಾತ್ರೆ ಕೊಡಲು ಹೋಟೆಲಿಗೆ ಹೋಗಿದ್ದಳು. ಅವನು ಲುಂಗಿ ಮೇಲೆ ಕಟ್ಟಿಕೊಂಡು, ಹಿಡಿಸೂಡಿ ಹಿಡಿದು, ಆಳುಗಳಿಗೆ ತೋರಿಸಿಕೊಡುತ್ತಿದ್ದ. ಸಾಮಾನಿನ ಕೋಣೆಯಿಂದ ಜಿಲೇಬಿಗೆ ಹಾಕುವ ಬಣ್ಣದ ಒಂದು ದೊಡ್ಡ ಡಬ್ಬ ಸಿಕ್ಕಿತ್ತು, ಮಳೆಗಾಲದ ತೇವಕ್ಕೆ ಗಟ್ಟಿಯಾದದ್ದು. ಅದನ್ನೂ ಅವನು ಜಾಳಿಗೆ ಬಡಿದು ಖಾಲಿ ಮಾಡಿ ನೀರು ಬಿಟ್ಟ. ಗಟಾರ ಕೇಸರಿಯಾಯಿತು.

ಬಾಗಿ ಮನೆಗೆ ಹೊರಟಳು. ಹೋಟೆಲಿನಿಂದ ಎರಡು ಗಲ್ಲಿ ದಾಟಿದರೆ ಚಾಳು. ಚಾಳಿನ ಎದುರಿನ ಜಾಳಿಯಲ್ಲಿ ಇಣುಕಿದರೆ ಅಲ್ಲಿಯೂ ಕೇಸರಿ ನೀರು. ಅವಳಿಗೆ ಮೊದಲು ನಗು ಬಂತು. ಗಂಡನ ಹೋಟೆಲಿನ ನೀರು ಹೆಂಡತಿಗಿಂತ ಮೊದಲೇ ಮನೆ ತಲುಪಿದೆ! ಆಮೇಲೆ ನಗು ನಿಂತಿತು. ಅವಳು ಮನೆಯೊಳಗೆ ಹೋಗದೆ ಗಟಾರದ ಜತೆಗೇ ನಡೆದಳು. ಬಯಲಾಗಿದ್ದ ಕಡೆ ಕೇಸರಿ ಕಾಣುತ್ತಿತ್ತು, ಚಪ್ಪಡಿ ಮುಚ್ಚಿದ ಕಡೆ ಮರೆಯಾಗುತ್ತಿತ್ತು, ಮುಂದಿನ ಜಾಳಿಯಲ್ಲಿ ಮತ್ತೆ ಕಾಣುತ್ತಿತ್ತು. ಕಾಂಡ್ಲದ ಪೊದೆ ಬಂತು. ಪೊದೆಯಾಚೆ, ಅವಳು ಹದಿನೆಂಟು ವರ್ಷ ನಿಂತಿದ್ದ ಅದೇ ಕೆಸರಿನ ತಲೆಯ ಮೇಲೆ, ಒಂದು ಸಿಮೆಂಟಿನ ಪೈಪು. ಅದರ ಬಾಯಿಂದ ಅವಳ ಗಂಡನ ತೊಳೆತ ಬೀಳುತ್ತಿತ್ತು. ಅಷ್ಟಮಿಯ ಸಣ್ಣ ಇಳಿತ. ನೀರು ಅಲ್ಲಾಡದೆ ನಿಂತಿತ್ತು. ಕೇಸರಿ ಬಣ್ಣ ಮೆಲ್ಲಗೆ ಹರಡಿತು, ಅದರ ಮೇಲೆ ಎಣ್ಣೆಯ ಕಣ್ಣುಗಳು ತೇಲಿದವು.

ಅಷ್ಟು ವರ್ಷ ಅವಳೂ ಬಾರ್ಕುಬಾಯಿಯೂ ಆ ಪೈಪಿನ ಪಕ್ಕದಲ್ಲೇ ಕೂತು ಕಾರ್ಖಾನೆಗೆ ಬೈದಿದ್ದರು. ಕಾರ್ಖಾನೆಯದ್ದು ತಪ್ಪಿಲ್ಲ ಎಂದಲ್ಲ. ಆದರೆ ಪೈಪು ಎಲ್ಲಿಂದ ಬರುತ್ತದೆ ಎಂದು ಇಬ್ಬರಲ್ಲಿ ಒಬ್ಬಳೂ ಎದ್ದು ನೋಡಿರಲಿಲ್ಲ. ಬಾಗಿಗೆ ತನ್ನ ಮನೆಯ ಫಿನಾಯಿಲು, ತಾನು ಜಾಳಿಗೆ ಚೆಲ್ಲಿದ ಬಾಣಲೆಯ ತಳದ ಎಣ್ಣೆ, ಜಾಳಿಯ ಪಕ್ಕ ತಿಕ್ಕಿದ ಚಾಪೆಗಳು, ಚಾಳಿನವರು ತೊಳೆದ ಸ್ಕೂಟರುಗಳು ಎಲ್ಲ ಒಂದೊಂದಾಗಿ ನೆನಪಾದವು. ಅವಳು ಕಲ್ಲಿನ ಮೇಲೆ ಕೂತಳು.

ಸಂಜೆ ತೃಷಾಳನ್ನು ಕೇಳಿದಳು. ಮನೆಯೊಳಗಿನ ಮಾತು ತುಳು. ಓದುವವರಿಗೆ ತಿಳಿಯಲೆಂದು ಕನ್ನಡಕ್ಕೆ ತಂದದ್ದು.

“ಮಗಾ, ಹೋಟೆಲಿನ ಎದುರಿನ ಜಾಳಿಯ ನೀರನ್ನು ಎಲ್ಲಿಯಾದ್ರೂ ಶುದ್ಧ ಮಾಡ್ತಾರಾ?”

ತೃಷಾ ಈ ಊರಿನಲ್ಲಿ ಹುಟ್ಟಿದವಳು. ತುಳು ಕನ್ನಡ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ. “ಮಮ್ಮೀ, ದೋನೋ ಲೈನ್ ಅಲಗ್ ಹೈ,” ಎಂದು ಪೇಪರಿನ ಅಂಚಿನಲ್ಲಿ ಎರಡು ಗೆರೆ ಎಳೆದಳು. ಒಂದು ಮನೆಯೊಳಗಿನ ಮೋರಿ, ಕಕ್ಕಸಿನ ನೀರು. ಅದು ಚೇಂಬರಿಗೆ ಹೋಗಿ, ದೊಡ್ಡ ಪೈಪಿನಲ್ಲಿ ಶುದ್ಧ ಮಾಡುವ ಜಾಗಕ್ಕೆ ಹೋಗುತ್ತದೆ. ಇನ್ನೊಂದು ರಸ್ತೆಯ ಜಾಳಿ. ಅದು ಮಳೆನೀರಿಗೆಂದೇ ಮಾಡಿದ್ದು. ಅದನ್ನು ಯಾರೂ ಮುಟ್ಟುವುದಿಲ್ಲ, ಸೋಸುವುದಿಲ್ಲ, ಸೀದಾ ಖಾಡಿಗೆ. “ಇಷ್ಟು ಗೊತ್ತಿದ್ದೂ ನನಗೆ ಹೇಳಲಿಲ್ವಲ್ಲ ನೀನು?” ಎಂದಳು ತಾಯಿ. “ಆಪ್ನೆ ಕಭೀ ಪೂಛಾ ಹೀ ನಹೀ,” ಎಂದಳು ಮಗಳು. ಕೇಳಿರಲಿಲ್ಲ, ನಿಜ.

ದೇಜಪ್ಪನಿಗೆ ಹೇಳುವುದು ಹೇಗೆ? ಬಾಗಿ ಒಂದು ವಾರ ಬಾಯಿ ಕಟ್ಟಿ ಕೂತಳು. ಸೋಮವಾರ ಊಟ ಬಡಿಸುವಾಗ ತಡೆಯಲಾಗಲಿಲ್ಲ.

“ನೋಡಿ, ನಾನೊಂದು ಹೇಳ್ತೇನೆ, ಸಿಟ್ಟು ಮಾಡಬೇಡಿ. ಹೋಟೆಲಿನ ತೊಳೆತದ ನೀರು ಹೊಳೆಗೆ ಹೋಗ್ತದೆ. ನಾನು ಮರುವಾಯಿ ಹಿಡೀತಿದ್ದ ಜಾಗಕ್ಕೇ. ನಾನು ಹಿಂದಿಂದಲೇ ಹೋಗಿ ಕಣ್ಣಾರೆ ನೋಡಿದ್ದೇನೆ.”

“ಗಟಾರಕ್ಕೆ ಹೋದದ್ದು ಪ್ಲಾಂಟಿಗೆ ಹೋಗ್ತದೆ. ಮುನ್ಸಿಪಾಲ್ಟಿಯವರು ಅಲ್ಲಿ ಚೊಕ್ಕ ಮಾಡ್ತಾರೆ.”

“ಮಾಡುವುದಿಲ್ಲ. ತೃಷಾ ಹೇಳಿದ್ಲು.”

ಅವನ ತುತ್ತು ಅರ್ಧಕ್ಕೆ ನಿಂತಿತು. “ಅಂದ್ರೆ ಎಂತ? ಮರುವಾಯಿ ಸತ್ತದ್ದು ನನ್ನಿಂದ ಅಂತಲಾ?”

“ನಿಮ್ಮಿಂದ ಮಾತ್ರ ಅಂತ ನಾನೆಲ್ಲಿ ಹೇಳಿದೆ? ನನ್ನಿಂದಲೂ. ಈ ಗಲ್ಲಿಯವರೆಲ್ಲರಿಂದಲೂ.”

“ನಲವತ್ತು ವರ್ಷ ಆಯ್ತು ಬಾಗೀ. ನನ್ನ ಕೈಯಿಂದ ಒಂದು ಪ್ಲೇಟು ಕೊಳಕು ಹೋಗಿಲ್ಲ. ನಾನು ಹೊಳೆ ಕೊಳಕು ಮಾಡಿದೆ ಅಂತ ನೀನು ಹೇಳ್ತೀಯಲ್ಲ?” ಎಂದ. ಕೈ ತೊಳೆದು ಎದ್ದು ಹೋದ.

ಆಮೇಲೆ ಎಂಟು ತಿಂಗಳು ಅವನು ಹೆಂಡತಿಯ ಹತ್ತಿರ ನೇರ ಮಾತಾಡಲಿಲ್ಲ. ಹತ್ತಡಿಯ ಕೋಣೆಯಲ್ಲಿ ಇದನ್ನು ಸಾಧಿಸುವುದು ಸಾಮಾನ್ಯರ ಕೆಲಸವಲ್ಲ. “ತೃಷಾ, ನಿನ್ನ ಅಮ್ಮನಿಗೆ ಹೇಳು, ಚಾ ಬೇಕು ಅಂತ.” “ತೃಷಾ, ನಿನ್ನ ಅಪ್ಪನಿಗೆ ಹೇಳು, ಚಾ ಅವರ ಮುಂದೆಯೇ ಉಂಟು ಅಂತ.” ಮಗಳು ಇಬ್ಬರಿಗೂ ಹಿಂದಿಯಲ್ಲಿ ತಲುಪಿಸಿ ರೈಲು ಹಿಡಿಯಲು ಓಡುತ್ತಿದ್ದಳು. ಬಾಗಿಗೆ ಈಗ ಎರಡು ಕೊರಗು. ಹೊಳೆ ಹೋಗಿ ವರ್ಷಗಳಾಗಿದ್ದವು, ಅದರ ಹಿಂದೆ ಗಂಡನ ಮಾತೂ ಹೋಯಿತು. ಸೋಮವಾರ ಅವನು ತಲೆ ತಗ್ಗಿಸಿ ಉಂಡು ಏಳುವುದನ್ನು ನೋಡುವಾಗ, ಹೇಳದೆ ಇರಬೇಕಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು. ಆದರೆ ಇಳಿತದ ಹೊತ್ತಿಗೆ ಹಿಮ್ಮಡಿ ತಿರುಗಿದರೆ ಹೇಳಿದ್ದೇ ಸರಿ ಅನ್ನಿಸುತ್ತಿತ್ತು.

ಗಂಡನನ್ನು ತಿದ್ದಲು ಆಗದ ಹೆಂಗಸು ಚಾಳನ್ನು ತಿದ್ದಲು ಹೊರಟಳು. ಕೊಕ್ಕೆ ಹುಟ್ಟಿದ್ದು ಆಗ. ಜಾಳಿಯ ಎದುರಿನ ಅಂಗಳಕ್ಕೆ ನೀರು ಹೊಡೆಯುವುದನ್ನು ನಿಲ್ಲಿಸಿ ಗುಡಿಸತೊಡಗಿದಳು. ಬಾಗಿಲು ಬಾಗಿಲಿಗೆ ಒಂದೊಂದು ಹಳೆಯ ಡಬ್ಬ ಕೊಟ್ಟು, ಕರಿದ ಎಣ್ಣೆಯನ್ನು ಅದಕ್ಕೆ ಹಾಕಿ ಎಂದಳು. ತುಂಬಿದ ಎಣ್ಣೆಯನ್ನು ಡೀಸೆಲ್ ಮಾಡುವವರು ಬಂದು ಒಯ್ಯುವಂತೆ ತೃಷಾ ಫೋನು ಮಾಡಿ ಗೊತ್ತುಮಾಡಿದಳು. ಸ್ಕೂಟರು ತೊಳೆಯುವವರನ್ನು ನುಗ್ಗೆ ಮರದ ಬುಡದ ಮಣ್ಣಿನ ಜಾಗಕ್ಕೆ ಅಟ್ಟಿದಳು; ಮಣ್ಣು ಕುಡಿದ ನೀರು ಹೊಳೆಗೆ ಓಡುವುದಿಲ್ಲ.

“ನಾಲ್ಕು ಚಮಚ ಸಾಬೂನು ಪುಡಿಯಿಂದ ನಿಮ್ಮ ಖಾಡಿ ಮುಳುಗ್ತದಾ ಬಾಗಿಯಕ್ಕಾ?” ಎಂದು ಜಯಲತಾ ಬಕೀಟು ಹಿಡಿದೇ ಮರಾಠಿಯಲ್ಲಿ ಕೇಳಿದಳು.

“ನಿಂದು ನಾಲ್ಕು, ನಂದು ನಾಲ್ಕು, ಈ ಗಲ್ಲಿಯಲ್ಲಿ ಮುನ್ನೂರು ಮನೆ. ಒಳಗಿನ ಮೋರಿಗೆ ಹೊಯ್ಯಲಿಕ್ಕೆ ನಿನಗೆ ನಾಲ್ಕು ಹೆಜ್ಜೆ ಮಾರಾಯ್ತಿ. ಹೋಗು, ನಾನೇ ಹಿಡೀತೇನೆ ಬಕೀಟು.”

ಜಯಲತಾ ಗೊಣಗುತ್ತ ಒಳಗೆ ಹೋದಳು. ಮಾರನೇ ದಿನವೂ ಗೊಣಗಿದಳು. ಮೂರನೇ ತಿಂಗಳಿಗೆ ಬೇರೆಯವರಿಗೆ ಬೈಯುವ ಕೆಲಸವನ್ನು ಅವಳೇ ವಹಿಸಿಕೊಂಡಳು, ಅದರಲ್ಲಿ ಅವಳಿಗೆ ಮೊದಲಿನಿಂದಲೂ ಪಳಗಿದ ಕೈ. ತೃಷಾ ಜಾಳಿಯ ಪಕ್ಕದ ಕಲ್ಲಿಗೆ ‘ಈ ನೀರು ಸೀದಾ ಖಾಡಿಗೆ ಹೋಗುತ್ತದೆ’ ಎಂದು ಮರಾಠಿಯಲ್ಲಿ ಬಣ್ಣದಿಂದ ಬರೆದಳು. ಬಾಗಿ ಅದರ ಕೆಳಗೆ ತನ್ನ ಏಳನೇ ಇಯತ್ತೆಯ ಕನ್ನಡದಲ್ಲಿ ಅದನ್ನೇ ಬರೆದಳು. ಅವಳಲ್ಲದೆ ಅದನ್ನು ಓದುವವನು ಆ ದಾರಿಯಲ್ಲಿ ಬೇರೆ ಒಬ್ಬನೇ. ಅವನು ದಿನಾ ಬೆಳಗ್ಗೆ ನಾಲ್ಕೂವರೆಗೆ ಅದನ್ನು ದಾಟಿ ಹೋಟೆಲಿಗೆ ಹೋಗುತ್ತಿದ್ದ.

ಜೂನಿನಲ್ಲಿ ಮಳೆ ಬಂತು. ಎರಡನೇ ದಿನದ ಸಂಜೆ ಹೋಟೆಲಿನ ಎದುರು ನೀರು ನಿಂತು, ಒಳಗೆ ನುಗ್ಗಿ, ಗಿರಾಕಿಗಳು ಕಾಲು ಕುರ್ಚಿಯ ಮೇಲಿಟ್ಟು ಇಡ್ಲಿ ತಿನ್ನುವ ಹಾಗಾಯಿತು. ಮೋರಿ ನೋಡಿಕೊಳ್ಳುವ ಭೀಮು, ಕಲಬುರಗಿ ಕಡೆಯವನು, ಕೊಡೆಯಿಲ್ಲದೆ ಚಾಳಿಗೆ ಓಡಿಬಂದ.

“ಬಾಗಿಯಕ್ಕಾ, ನಿಮ್ ಕೊಕ್ಕಿ ತಗೊಂಡು ಲಗೂನ ಬರ್ರಿ! ಜಾಳಿ ಕಟ್ಕೊಂಡದ. ಹೋಟ್ಲದಾಗ ನೀರು ಹೊಕ್ಕಾವ!”

ಬಾಗಿ ಹೋದಳು. ಭೀಮು ಜಾಳಿ ಎತ್ತಿ ಹಿಡಿದ. ಕೊಕ್ಕೆಗೆ ಪ್ಲಾಸ್ಟಿಕ್ಕು ಬಂತು, ಬಾಳೆಎಲೆ ಬಂತು, ಆದರೆ ಅದರ ಕೆಳಗೆ ಏನೋ ಗಟ್ಟಿ, ಕೊಕ್ಕೆಗೆ ಜಗ್ಗಲಿಲ್ಲ. ಅಷ್ಟರಲ್ಲಿ ದೇಜಪ್ಪ ಹೊರಗೆ ಬಂದ. ಹೆಂಡತಿಯನ್ನು ಪಕ್ಕಕ್ಕೆ ಸರಿಸಿ, ಮೊಣಕಾಲೂರಿ, ಭುಜದವರೆಗೆ ಕೈ ಇಳಿಸಿ ಎಳೆದ. ಹೊರಬಂದದ್ದು ಒಂದು ಬಿಳಿ ಹೆಂಟೆ, ಸೋಪಿನ ಇಟ್ಟಿಗೆಯಷ್ಟು ಗಟ್ಟಿ. ಎಣ್ಣೆ, ಜಿಡ್ಡು, ಹಿಟ್ಟು ಸೇರಿ ವರ್ಷಗಟ್ಟಲೆ ಹೆಪ್ಪುಗಟ್ಟಿದ್ದು. ಅವನು ರೂಢಿಯಂತೆ ಅದನ್ನು ಬೆಳಕಿಗೆ ಹಿಡಿದು ಎರಡೂ ಬದಿ ತಿರುಗಿಸಿ ನೋಡಿದ. ಒಂದು ಬದಿಯಲ್ಲಿ ಹೋಟೆಲಿನ ಚಹಾ ಚಮಚ ಹೂತಿತ್ತು. ಇನ್ನೊಂದು ಬದಿಯಲ್ಲಿ ಕೇಸರಿ ಬಣ್ಣದ ಗೆರೆ.

ಮಳೆಯಲ್ಲಿ ಅವನು ತುಂಬ ಹೊತ್ತು ಅದನ್ನೇ ನೋಡುತ್ತ ನಿಂತ. ಬಾಗಿ ಮಾತಾಡಬಹುದಿತ್ತು, ಎಂಟು ತಿಂಗಳ ಬಾಕಿ ಇತ್ತು. ಆದರೆ ಅವನ ಮುಖ ನೋಡಿ ಅವಳು ಕೊಕ್ಕೆ ಎತ್ತಿಕೊಂಡು ಜಾಳಿಯಲ್ಲಿ ಉಳಿದ ಎಲೆ ಎಳೆಯತೊಡಗಿದಳು. ಮನೆಗೆ ಬಂದ ಮೇಲೆ ಅವನು ತೃಷಾಳ ಕಡೆ ತಿರುಗದೆ ಕೇಳಿದ: “ಊಟಕ್ಕೆ ಎಂತ ಉಂಟು?” ಬಾಗಿ ಹೇಳಿದಳು. ಅಷ್ಟೇ.

ಆ ವರ್ಷದ ತೊಳೆತಕ್ಕೆ ದೇಜಪ್ಪ ಪೈಪು ಬಿಚ್ಚಲು ಬಿಡಲಿಲ್ಲ. ಮರದ ಮಿಲ್ಲಿನಿಂದ ಎರಡು ಗೋಣಿ ಮರದ ಪುಡಿ ತರಿಸಿದ್ದ, ತೆಂಗಿನ ಗೆರಟೆ ಒಡೆದು ತುಂಡು ಮಾಡಿ ಇಟ್ಟಿದ್ದ. ಜಿಡ್ಡಿನ ಮೇಲೆ ಪುಡಿ ಉದುರಿಸಿ ಗೆರಟೆಯಿಂದ ಕೆರೆಯುವುದು, ಕೆರೆದದ್ದನ್ನು ಚೀಲಕ್ಕೆ ತುಂಬಿ ಕಸದ ಘಂಟಾಗಾಡಿಗೆ ಕೊಡುವುದು, ಎಣ್ಣೆಯ ಗಸಿ ಡಬ್ಬಕ್ಕೆ. ಎದುರಿನ ಜಾಳಿಯ ಮೇಲೆ ಬಾಗಿ ಹೊಲಿದುಕೊಟ್ಟ ಮರಳಿನ ಚೀಲಗಳು ಕೂತಿದ್ದವು.

“ನೀರ ಹೊಡಿಲಾರ್ದ ತೊಳದಂಗ ಹ್ಯಾಂಗ ಆಗ್ತದರೀ ಅಣ್ಣಾ?” ಎಂದು ಭೀಮು ತಲೆ ಕೆರೆದುಕೊಂಡ.

“ಮೊದಲು ಕೆರೆಯುವುದು, ಮತ್ತೆ ಒರೆಸುವುದು, ಕಡೆಗೆ ತೊಳೆಯುವುದು. ಅದೂ ಒಳಗಿನ ಮೋರಿಯಲ್ಲಿ. ಹೊರಗೆ ಒಂದು ಚೆಂಬು ನೀರು ಬಿದ್ದರೆ ನನ್ನ ಹತ್ತಿರ ಮಾತಾಡ್ಬೇಡ.”

ಧಣಿ ವಸಂತಕುಮಾರರು ದುಡ್ಡು ತೆಗೆದುಕೊಳ್ಳುವ ಗಲ್ಲದಿಂದ ಎದ್ದು ಬಂದರು. “ದೇಜಪ್ಪಾ, ಹೀಗೆ ಕೆರೀತಾ ಕೂತರೆ ಪೂಜೆಗೆ ಲೇಟಾಗ್ತದೆ ಮಾರಾಯಾ. ದೇವಿ ಬರುವ ಹೊತ್ತು.”

“ದೇವಿ ಕಾಯ್ತಾಳೆ ಧಣಿ. ನಲವತ್ತು ವರ್ಷ ಕಾದಿದ್ದಾಳೆ.”

ಅವರು ಗಲ್ಲಕ್ಕೆ ಮರಳಿದರು. ಎಲ್ಲರೂ ಹೋದ ಮೇಲೆ ದೇಜಪ್ಪ ಕಾವಲಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ. ಹೊರಗೆ ಬಂದು ಜಾಳಿಯ ಮೇಲಿನ ಚೀಲ ಎತ್ತಿ ಅದನ್ನೂ ಬಗ್ಗಿ ನೋಡಿದ. ಒಣಗಿತ್ತು.

ದೀಪಾವಳಿ ಕಳೆದ ಮೇಲಿನ ಹುಣ್ಣಿಮೆ ಸೋಮವಾರ ಬಿತ್ತು. ಬಾಗಿ ಎದ್ದಾಗ ಗಂಡ ಹಾಸಿಗೆಯಲ್ಲಿ ಇರಲಿಲ್ಲ, ಹೋಟೆಲಿಗೆ ಹೋಗಿರಬೇಕು ಎಂದುಕೊಂಡಳು. ಏಳು ಗಂಟೆಗೆ, ಯಾವತ್ತಿನ ಹಾಗೆ ನೋಡಿ ಬರುವ ಎಂದು ಖಾಡಿಯ ಕಡೆ ನಡೆದಳು. ಪೊದೆಯ ಆಚೆಯಿಂದ ಬಾರ್ಕುಬಾಯಿ ಕೂಗುವುದು ಕೇಳಿಸಿತು. ಎಪ್ಪತ್ತರ ಮುದುಕಿ ಕಲ್ಲಿನ ಮೇಲೆ ಕೂತು, ಕೋಲು ಬೀಸುತ್ತ, ಕೆಸರಿನಲ್ಲಿ ನಿಂತ ಯಾರಿಗೋ ಮರಾಠಿಯಲ್ಲಿ ಬೈಯುತ್ತಿದ್ದಳು: “ಬಗ್ಗಬೇಡವೋ! ನಿನ್ನ ಹೆಂಡತಿ ಎಂದಾದರೂ ಬಗ್ಗಿದ್ದುಂಟಾ?”

ಕೆಸರಿನಲ್ಲಿ ದೇಜಪ್ಪ ನಿಂತಿದ್ದ. ಲುಂಗಿ ತೊಡೆಗೆ ಕಟ್ಟಿದ್ದ, ಮೊಣಕಾಲವರೆಗೂ ಕಪ್ಪು. ನೆಲದ ಮೇಲಿನ ಒಂದು ಹನಿ ಸಹಿಸದ ಮನುಷ್ಯ. ಮೂವತ್ತಮೂರು ವರ್ಷಗಳಲ್ಲಿ ಒಮ್ಮೆಯೂ ಅವನು ಅಲ್ಲಿಗೆ ಬಂದವನಲ್ಲ. ಘಟ್ಟದ ಬುಡದ ಊರ ಹುಡುಗ, ಅವನಿಗೆ ಹೊಳೆಯ ಕೆಲಸ ಗೊತ್ತೂ ಇರಲಿಲ್ಲ.

ಬಾಗಿಯನ್ನು ಕಂಡು ಅವನು ನಾಚಿಕೊಂಡ. ಆಮೇಲೆ ಕೇಳಿದ: “ಹಿಮ್ಮಡಿಯಾ, ಬೆರಳಾ?”

“ಮೊದಲು ಹಿಮ್ಮಡಿ. ತಾಗಿದ ಮೇಲೆ ಬೆರಳು.” ಎಂದಳು ಬಾಗಿ. “ನೀವ್ಯಾಕೆ ಇಳಿದದ್ದು? ಒಂದೇ ವರ್ಷಕ್ಕೆ ಬರುವುದಿಲ್ಲ ಅವು. ಬರ್ತಾವೋ ಇಲ್ಲವೋ, ಯಾರಿಗೆ ಗೊತ್ತು?”

“ಗೊತ್ತುಂಟು. ಆದ್ರೂ ನೋಡುವ ಅಂತ.”

ಬಾಗಿ ಚಪ್ಪಲಿ ಬಿಟ್ಟಳು. ಹದಿನೈದು ವರ್ಷದ ಮೇಲೆ ಕೆಸರು ಅವಳ ಪಾದ ಹಿಡಿಯಿತು. ಗಂಡನ ಮೊಣಕೈ ಹಿಡಿದು ನೆಟ್ಟಗೆ ನಿಂತಳು, ಆಕಾಶ ನೋಡಿದಳು, ಹಿಮ್ಮಡಿ ತಿರುವಿದಳು. ಪ್ಲಾಸ್ಟಿಕ್ಕು ತಾಗಿತು. ಗಾಜು ತಾಗಿತು. ಎರಡು ಹೆಜ್ಜೆ ಮುಂದೆ ಹೋದರು. ಅಲ್ಲಿ ಗುಂಡಗೆ, ನುಣ್ಣಗೆ ಒಂದು ತಾಗಿತು. ಬೆರಳಲ್ಲಿ ಹಿಡಿದು ಮೇಲೆ ತಂದಳು. ಎರಡು ದಳವೂ ಕೂಡಿಯೇ ಇದ್ದ ದೊಡ್ಡ ಚಿಪ್ಪು, ಹಳೆಯದು. ಒಳಗೆ ಕೆಸರು ಬಿಟ್ಟು ಬೇರೇನೂ ಇರಲಿಲ್ಲ.

“ಸಿಕ್ಕಿತಾ?” ಎಂದ ದೇಜಪ್ಪ.

“ಖಾಲಿ,” ಎಂದಳು.

ಅವನು ಕೈ ಚಾಚಿ ಅದನ್ನು ಇಸಿದುಕೊಂಡು ಶರಟಿನ ಕಿಸೆಗೆ ಹಾಕಿದ. ಭರತ ಏರುವವರೆಗೂ ಇಬ್ಬರೂ ಹುಡುಕಿದರು. ಬೇರೆ ಸಿಗಲಿಲ್ಲ.

ಆ ಮಧ್ಯಾಹ್ನ ಮನೆಯಲ್ಲಿ ಅನ್ನ, ಹುರುಳಿ ಸಾರು. ದೇಜಪ್ಪ ಕೂತು ಕಿಸೆಯಿಂದ ಚಿಪ್ಪು ತೆಗೆದು ತಟ್ಟೆಯ ಅಂಚಿಗೆ ನಿಲ್ಲಿಸಿದ. ಒಂದೇ ಒಂದು. ಉಳಿದ ಅಂಚೆಲ್ಲ ಖಾಲಿ. ಆಮೇಲೆ ಸಾರು ಕಲಸಿ ಉಣ್ಣತೊಡಗಿದ. ಬಾಗಿ ಬಡಿಸುತ್ತ ಓರೆಗಣ್ಣಿನಲ್ಲಿ ನೋಡಿದಳು, ಮುಂದೆ ನೋಡಲಾಗದೆ ಒಲೆಯ ಕಡೆ ತಿರುಗಿದಳು. ಉಂಡೆದ್ದವನು ತನ್ನ ತಟ್ಟೆ ತಾನೇ ತೊಳೆದು, ಬೆಳಕಿಗೆ ಹಿಡಿದು ನೋಡಿ ಇಟ್ಟ. ಚಿಪ್ಪು ಅವನ ಎಡಗೈಯಲ್ಲಿತ್ತು, ಒಳಗಿನ ಕೆಸರು ಇನ್ನೂ ಒಣಗಿರಲಿಲ್ಲ.

“ಇದನ್ನೂ ತೊಳೆಯಲಾ?” ಎಂದು ಕೇಳಿದ.

ಬಾಗಿ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮೂಗಿಗೆ ಹಿಡಿದಳು, ಮೊದಲ ದಿನ ಹೊಸಿಲಲ್ಲಿ ಹಿಡಿದ ಹಾಗೆ.

“ಬೇಡ,” ಎಂದಳು. “ಇದರಲ್ಲಿ ಸ್ವಲ್ಪ ಹೊಳೆ ಉಂಟು.”